ಮಂಗನ ಕಾಯಿಲೆಗೆ ಮದ್ದು ಹುಡುಕುವ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಕೈಹಿಡಿದ ವೃತ್ತಿಯನ್ನು ಅರ್ಧಕ್ಕೆ ಬಿಟ್ಟು ಈ ವಯಸ್ಸಿನಲ್ಲಿ ಔಷಧ ಸಂಶೋಧನೆಗೆ ಏಕೆ ಹೊರಟೆ ಎಂದು ನೀನು ಕೇಳಿದಾಗ ಫೋನಿನಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ.

ನಾನು ಸಾಗರದ ಕಡೆ ಕೆಲಸ ಮಾಡುತ್ತಿದ್ದಾಗ, ಕೊಟ್ಟಿಗೆಗೆ ತರಗೆಲೆ ತರಲು ಕಾಡಿಗೆ ಹೋಗಿದ್ದ ಹೆಂಗಸೊಬ್ಬರು, ಕಾಡಿನ ಉಣ್ಣೆ ಹುಳುಗಳ (ಉಣುಗುಗಳ) ಕಡಿತದಿಂದ ಹರಡುವ ಮಂಗನ ಕಾಯಿಲೆಯಿಂದ ದಾಖಲಾದರು. ಜ್ವರ ಇಳಿದು ಮನೆಗೆ ಹೋದವರು, ಈ ಕಾಯಿಲೆ ಕೆಲವರಲ್ಲಿ ಮರುಕಳಿಸುವಂತೆ, ಕೆಲವೇ ದಿನಗಳಲ್ಲಿ ನಡುಕ ಮತ್ತು ಮಂಪರಿನೊಂದಿಗೆ ಮರಳಿ ಬಂದರು. "ಇದಕ್ಕೆ ಔಷಧಿ ಯಾವುದು ಡಾಕ್ಟ್ರೇ?" ಎಂದು ಅವರ ಮಗ ಕೇಳಿದ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಪತ್ತೆಯಾದ ಈ ವೈರಸ್ಸಿಗೆ ನನ್ನ ಬಳಿ ಇದ್ದದ್ದು ಸಲೈನ್, ಪ್ಯಾರಾಸಿಟಮಾಲ್ ಮತ್ತು ಕಾಯುವ ತಾಳ್ಮೆ ಮಾತ್ರ.

ಅವರು ಬದುಕಿದರು. ಆದರೆ ಅಂದು ನಾನು ಯಾವುದಾದರೂ ವೈರಸ್ ನಿರೋಧಕ ಮಾತ್ರೆ ಕೊಟ್ಟಿದ್ದರೆ ಅದರಿಂದಲೇ ಗುಣವಾಯಿತೆಂದು ಖಂಡಿತ ನಂಬಿಬಿಡುತ್ತಿದ್ದೆ, ಅಲ್ಲವೇ? ಈ ಕಾಯಿಲೆಯಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಹತ್ತು ಜನರಿಗೆ ಒಂದು ಔಷಧಿ ಕೊಟ್ಟು ಹತ್ತೂ ಜನ ಎದ್ದು ಕುಳಿತರೂ, ಔಷಧಿ ಇಲ್ಲದೆಯೂ ಅವರು ಏಳುತ್ತಿದ್ದರೇನೋ ಎಂಬ ಸಂಶಯ ಹಾಗೆಯೇ ಉಳಿಯುತ್ತದೆ. ಔಷಧಿ ಪಡೆದವರನ್ನೂ ಪಡೆಯದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ, ಅವರ ಒಪ್ಪಿಗೆ ಪಡೆದು, ಹಲವು ಆಸ್ಪತ್ರೆಗಳಲ್ಲಿ ಹಲವು ಬೇಸಿಗೆಗಳ ಕಾಲ ಹೋಲಿಸಿ ನೋಡದೆ ಆ ಸಂಶಯ ತೀರುವುದಿಲ್ಲ.

ಬಹುಪಾಲು ಬಡ ಕೂಲಿಕಾರರಿಗೂ ರೈತರಿಗೂ, ಅದೂ ಕೆಲವೇ ತಾಲ್ಲೂಕುಗಳಲ್ಲಿ, ಬರುವ ಕಾಯಿಲೆಯಲ್ಲಿ ಔಷಧ ಕಂಪನಿಗಳಿಗೆ ಲಾಭ ಕಾಣುವುದು ಕಷ್ಟ. ವರ್ಷಗಟ್ಟಲೆ ಹಾಕಿಸಿಕೊಂಡ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂದು ನಿಲ್ಲಿಸಿದ್ದಾಯಿತು. ಹೀಗಿರುವಾಗ ರೋಗಿಯ ಮಂಚದ ಪಕ್ಕ ನಿಂತು ನೋಡಿದವರೇ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ದೃಢವಾದ ನಂಬಿಕೆ. ಪ್ರಯೋಗಕ್ಕೆ ಒಳಗಾಗುವವರೂ ಅದೇ ಬಡವರಾದ್ದರಿಂದ, ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲೇ ವಿವರಿಸುವ, ಬೇಡವೆಂದವರಿಗೂ ಅಷ್ಟೇ ಅಕ್ಕರೆಯಿಂದ ಚಿಕಿತ್ಸೆ ನೀಡುವ ಹೊಣೆ ನನ್ನನ್ನು ಔಷಧಿಗಿಂತಲೂ ಹೆಚ್ಚು ಕಾಡುತ್ತಿದೆ.

ಒಂದು ಆಸ್ಪತ್ರೆಯ ರೋಗಿಗಳು ಈ ಲೆಕ್ಕಕ್ಕೆ ಸಾಲುವುದಿಲ್ಲ. ಸಿದ್ದಾಪುರದಲ್ಲಿ ನಿನ್ನ ಬಳಿಗೂ ಈ ಜ್ವರದವರು ಬರುತ್ತಾರೆ. ಡಿಸೆಂಬರಿನಲ್ಲಿ ಉಣ್ಣೆ ಹುಳುಗಳ ಕಾಲ ಆರಂಭವಾಗುವ ಮೊದಲು ಒಂದು ಭಾನುವಾರ ಬರುತ್ತೇನೆ. ನಿನ್ನ ವಾರ್ಡಿನ ಹಳೆಯ ಕೇಸ್‌ಶೀಟುಗಳನ್ನು ತೆಗೆದಿರಿಸು.

ನಿನ್ನ ಗೆಳೆಯ