ನಿನ್ನೆಯ ಆಡಿಯೊ ಬಗ್ಗೆ: ಎಲ್ಲರೂ ಓದ್ರಿ

ನಮಸ್ಕಾರ್ರೀ. 'ಮಕ್ಕಳ ಕಳ್ಳರು ಭಾಲ್ಕಿ ಕಡೆ ಬಂದಾರ' ಅನ್ನೋ ಆಡಿಯೊವನ್ನು ಅಡ್ಮಿನ್ ಆಗಿ ನಮ್ಮ ಈ ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದೇನೆ. ಯಾರ ದನಿ, ಯಾವ ಊರು, ಯಾವತ್ತಿನದು, ಒಂದೂ ಗೊತ್ತಿಲ್ಲ. ಆದರೂ ಮೊದಲ ಇಬ್ಬರು 'ಹೌದ್ರೀ, ನಾವೂ ಕೇಳೀವಿ' ಅಂದದ್ದೇ ತಡ, ಉಳಿದವರದ್ದೂ ಅದೇ ರಾಗ, ಕೈಮುಗಿಯೋ ಇಮೋಜಿ ಸಮೇತ.

2018ರ ಜುಲೈ ಮರೆತೀರೇನ್ರಿ? ನಮ್ಮದೇ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಇಂಥದೇ ವಾಟ್ಸ್ಆ್ಯಪ್ ವದಂತಿ ನಂಬಿದ ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಮೂಲ.

1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದ್ದರು. ಜೊತೆಗಿದ್ದವರೆಲ್ಲ ಬೇಕಂತಲೇ ತಪ್ಪು ಹೇಳಿದಾಗ, ಸುಮಾರು ಮುಕ್ಕಾಲು ಪಾಲು ಮಂದಿ ಒಮ್ಮೆಯಾದರೂ ಅದಕ್ಕೇ ಹೂಂಗುಟ್ಟಿದರು. ಗೆರೆ ಕಣ್ಣೆದುರೇ ಇತ್ತು! ಆದರೆ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹಾಗೆ ಹೂಂಗುಟ್ಟೋದು ಬಹಳ ಕಡಿಮೆ ಆಗ್ತಿತ್ತು.

ಹಾಗಾಗಿ ಅನುಮಾನ ಬಂದವರು ನನಗೊಬ್ಬನಿಗೇ ಗುಟ್ಟಾಗಿ ಮೆಸೇಜ್ ಹಾಕಬ್ಯಾಡ್ರಿ (ನಿನ್ನೆ ಕೆಲವರು ಹಾಕಿದ್ರಿ). 'ಎಲ್ಲಿಂದ ಬಂತ್ರೀ ಇದು?' ಅಂತ ಗುಂಪಿನಲ್ಲೇ ಕೇಳ್ರಿ. ಗಾಬರಿ ಅನ್ನಿಸಿದರೆ 112ಕ್ಕೆ ಫೋನ್ ಮಾಡ್ರಿ. ಬೇರೆ ಗುಂಪಿಗೆ ಈಗಾಗಲೇ ಕಳಿಸಿದವರು ಅಲ್ಲಿಯೂ ಇವತ್ತೇ ಡಿಲೀಟ್ ಮಾಡ್ರಿ.