ಒಂಬತ್ತು ದಿನಕ್ಕೆ ಏಳು ಊರು ಬೇಡ ಕಣೆ ಪುಟ್ಟಿ

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ವಾಟ್ಸಾಪಲ್ಲಿ ನೀನು ಕಳಿಸಿದ ನಾರ್ವೆ ಟ್ರಿಪ್ಪಿನ ಪಿಡಿಎಫ್ ಓದ್ದೆ. ಮೊದಲನೇ ಸಲ ಕನ್ನಡಕ ಇಲ್ದೆ ಓದಿದ್ದಕ್ಕೆ ಹಂಗನ್ನಿಸ್ತೇನೋ ಅಂತ ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ಓದ್ದೆ, ಆದ್ರೂ ಅದೇ ಬರೆದಿತ್ತು, ಜುಲೈ ತಿಂಗಳಲ್ಲಿ ಹೋಗಿ ಮಧ್ಯರಾತ್ರಿ ಸೂರ್ಯನ್ನೂ ನೋಡೋದು, ನಾರ್ದರ್ನ್ ಲೈಟ್ಸೂ ನೋಡೋದು ಅಂತ. ಆ ಏಜೆಂಟ್ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನಿಗೆ ಒಂದು ಫೋನ್ ಮಾಡಿ ಕೇಳು, ಸೂರ್ಯ ಮುಳುಗದೇ ಇರೋ ಆಕಾಶದಲ್ಲಿ ಆ ಹಸಿರು ಬೆಳಕು ಹೆಂಗಪ್ಪಾ ಕಾಣತ್ತೆ ಅಂತ. ಅದಕ್ಕೆ ಕತ್ತಲು ಬೇಕು ಕಣೆ, ಸೆಪ್ಟೆಂಬರಿಂದ ಮಾರ್ಚ್ ತನಕ ಅದರ ಕಾಲ. ನಾರ್ವೆಯ ಉತ್ತರದ ಕಡೆ ಇರೋ ಟ್ರೋಮ್ಸೋ ಊರಲ್ಲಿ ಮೇ 20ರ ಸುಮಾರಿಗೆ ಮೇಲೆದ್ದ ಸೂರ್ಯ ಜುಲೈ 22ರ ತನಕ ಕೆಳಗಿಳಿಯಲ್ಲ. ಎರಡರಲ್ಲಿ ಒಂದು ಆರಿಸ್ಕೋ. ಲಗ್ಷುರಿ ಪ್ಯಾಕೇಜು ಅಂತ ಹೇಳಿ ಇಷ್ಟು ದುಡ್ಡು ತಗೊಳೋರಿಗೆ ಇದೂ ಗೊತ್ತಿಲ್ಲ ಅಂದ್ರೆ ಮಿಕ್ಕಿದ್ದನ್ನ ನಾವೇ ಕೂತು ನೋಡೋದು ವಾಸಿ ಅನ್ನಿಸ್ತು, ಅದಕ್ಕೇ ಈ ಪತ್ರ. ಉದ್ದ ಆಗತ್ತೆ, ಬೈಕೋಬೇಡ.

ನಾನು ಅದೇ ನಾರ್ವೆಯ ಸ್ತವಾಂಗೆರ್‌ನಲ್ಲಿ ಹದಿನಾಲ್ಕು ವರ್ಷ ಇದ್ದೋನು, ಕಚ್ಚಾ ಎಣ್ಣೆ ತೆಗೆಯೋ ಕೆಲಸದಲ್ಲಿ. 1969ರಲ್ಲಿ ಎಕೋಫಿಸ್ಕ್ ಅನ್ನೋ ಕಡೆ ಸಮುದ್ರದ ಅಡಿಯಲ್ಲಿ ಎಣ್ಣೆ ಸಿಕ್ಕಿದ್ಮೇಲೆ ಮೀನು ಡಬ್ಬಿಗೆ ತುಂಬ್ತಾ ಇದ್ದ ಆ ಊರಿನ ಕಥೆನೇ ಬದಲಾಯ್ತು, ಆ ದೇಶ ಶ್ರೀಮಂತ ಆಯ್ತು. ಆದ್ರೆ ಶ್ರೀಮಂತಿಕೆ ತೋರಿಸ್ಕೊಳೋದು ಮಾತ್ರ ಅವರಿಗೆ ಬರಲೇ ಇಲ್ಲ ನೋಡು. 1973ರಲ್ಲಿ ಪೆಟ್ರೋಲ್ ಅಭಾವ ಆಗಿ ವಾರದ ಕೊನೇಲಿ ಕಾರು ಓಡಿಸಬಾರದು ಅಂತ ಸರ್ಕಾರ ಹೇಳಿದಾಗ, ಅವರ ರಾಜ ಐದನೇ ಊಲಾವ್ ಸ್ಕೀ ಕೋಲು ಹಿಡ್ಕೊಂಡು ಎಲ್ಲರ ಜೊತೆ ಟ್ರಾಮ್ ಹತ್ತಿ ಟಿಕೆಟ್ ತಗೊಳಕ್ಕೆ ದುಡ್ಡು ಚಾಚಿದ್ದ ಫೋಟೋ ಇದೆ, ಇವತ್ತಿಗೂ ಅವರಿಗೆ ಅದೇ ಹೆಮ್ಮೆ. ಇದನ್ನ ಯಾಕೆ ಹೇಳ್ತಾ ಇದೀನಿ ಅಂದ್ರೆ, ನೀನು ದುಬೈ, ಮಾಲ್ಡೀವ್ಸ್ ನೋಡಿದೋಳು, ಕಾರಿಳಿದ ತಕ್ಷಣ ನಾಲ್ಕು ಜನ ಓಡಿ ಬಂದು ಬ್ಯಾಗ್ ತಗೊಳ್ತಾರೆ, ತಣ್ಣನೆ ಟವೆಲ್ ಕೊಡ್ತಾರೆ ಅಂತ ಕಾಯ್ತಾ ನಿಂತ್ಕೋಬೇಡ. ಅಲ್ಲಿ ಕೂಲಿ ಜಾಸ್ತಿ, ಒಳ್ಳೊಳ್ಳೆ ಹೋಟೆಲಲ್ಲೂ ಬ್ಯಾಗ್ ನೀನೇ ಎಳ್ಕೊಂಡು ಹೋಗೋದು ಮಾಮೂಲಿ, ಯಾರೂ ನಿನ್ನ ಮೇಡಂ ಅನ್ನಲ್ಲ, ಹೆಸರು ಹಿಡಿದು ಕರೀತಾರೆ. ಅದು ಅಸಡ್ಡೆ ಅಲ್ಲ, ಅವರ ಮರ್ಯಾದೆ ಇರೋದೇ ಹಂಗೆ. ನೀನು ಅಲ್ಲಿ ದುಡ್ಡು ಕೊಟ್ಟು ತಗೊಳ್ಳೋದು ಸೇವೆಯಲ್ಲ ಪುಟ್ಟಿ, ಪುರುಸೊತ್ತು.

ಒಂಬತ್ತು ದಿನಕ್ಕೆ ಏಳು ಊರು ಹಾಕಿದಾನೆ ಅವನು. ಓಸ್ಲೋ, ಸ್ತವಾಂಗೆರ್, ಬರ್ಗನ್, ಫ್ಲೋಮ್, ಗೈರಾಂಗರ್, ಲೊಫೋಟೆನ್ ದ್ವೀಪಗಳು, ಟ್ರೋಮ್ಸೋ. ಮೂರು ತಲೆ ಹೊಡೆದುಬಿಡು. ಮೊದಲು ಸ್ತವಾಂಗೆರ್ ತೆಗಿ, ಹೌದು, ನನ್ನೂರೇ, ಆ ಬಿಳೀ ಮರದ ಮನೆಗಳ ಗಲ್ಲಿ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚತ್ತೆ, ಆದ್ರೂ ತೆಗಿ. ಅಲ್ಲಿಗೆ ಜನ ಹೋಗೋದೇ ಪ್ರೇಕೆಸ್ತೂಲೆನ್ ಬಂಡೆ ನೋಡಕ್ಕೆ, 604 ಮೀಟರ್ ಎತ್ತರದಲ್ಲಿ ಫ್ಯೋರ್ಡ್ ಮೇಲೆ, ಅಂದ್ರೆ ಬೆಟ್ಟಗಳ ಸಂದಿಗೆ ನುಗ್ಗಿರೋ ಸಮುದ್ರದ ಮೇಲೆ, ಚಾಚ್ಕೊಂಡಿರೋ ಹಲಗೆ ಥರದ ಬಂಡೆ, ಹೋಗಿ ಬರಕ್ಕೆ ಎಂಟು ಕಿಲೋಮೀಟರ್ ನಡಿಗೆ, ಕಂಬಿ ಗಿಂಬಿ ಏನೂ ಇಲ್ಲ. ನಿಮ್ಮತ್ತೆಯವರ ಮೊಣಕಾಲಿಗೆ ಅದೆಲ್ಲಿ ಆಗತ್ತೆ? ಅವರನ್ನ ಹೋಟೆಲಲ್ಲಿ ಕೂರಿಸಿ ನೀವಿಬ್ರೇ ಹೋಗೋದಾದ್ರೆ ಕರ್ಕೊಂಡು ಹೋಗಿ ಏನು ಬಂತು. ಟ್ರೋಮ್ಸೋ ಚಳಿಗಾಲಕ್ಕೆ ಇಟ್ಕೋ, ಮುಂದೆ ಯಾವಾಗಾದ್ರೂ. ಗೈರಾಂಗರ್ ಚೆಂದ, ಸುಳ್ಳು ಹೇಳಲ್ಲ, ಆದ್ರೆ ಒಂದು ಫ್ಯೋರ್ಡನ್ನ ಸಮಾಧಾನವಾಗಿ ನೋಡಿದ್ರೆ ಎರಡನೇದಕ್ಕೆ ಓಡಬೇಕು ಅನ್ನಿಸಲ್ಲ.

ಉಳಿದಿದ್ದಕ್ಕೆ ಹನ್ನೆರಡು ರಾತ್ರಿ ಕೊಡು. ಓಸ್ಲೋ ಎರಡು, ಫ್ಲೋಮ್ ಎರಡು, ಬರ್ಗನ್ ಎರಡು, ಹಡಗಲ್ಲಿ ಮೂರು, ಲೊಫೋಟೆನ್ ಮೂರು. ಅಳಿಯಂದ್ರಿಗೆ ರಜಾ ಸಿಗಲ್ಲ ಅಂತೀಯ, ಹತ್ತನೇ ವರ್ಷದ ಆನಿವರ್ಸರಿಗೂ ಸಿಗಲಿಲ್ಲ ಅಂದ್ರೆ ಇನ್ಯಾವಾಗ ಸಿಗತ್ತೆ ಕೇಳು. ಖರ್ಚು ಜಾಸ್ತಿ ಆಗತ್ತೆ ಅಂತಿದ್ರೆ ಅವನು ಹಾಕಿರೋ ಹೆಲಿಕಾಪ್ಟರ್ ತೆಗಿ, ಮೋಡ ಕವಿದ್ರೆ ಅದು ಹಾರೋದೂ ಇಲ್ಲ. ಏರ್ಪೋರ್ಟಿಂದ ಊರಿಗೆ ಲಿಮೋಸಿನ್ ಬೇರೆ ಹಾಕಿದಾನೆ, ಓಸ್ಲೋದ ಆ ಗಾರ್ಡೆಮುವೆನ್ ಏರ್ಪೋರ್ಟಿಂದ ರೈಲಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ, ಕಾರಿಗಿಂತ ಬೇಗ ಹೋಗ್ತೀರ. ಅವರ ಒಂದು ಕ್ರೋನ ಅಂದ್ರೆ ನಮ್ಮ ಎಷ್ಟು ರೂಪಾಯಿ ಅಂತ ನೋಡ್ಕೊಂಡು ಒಂದ್ಸಲ ಲೆಕ್ಕ ಹಾಕು, ಹಾಕಿದ್ಮೇಲೆ ಮರೆತುಬಿಡು, ಒಂದೊಂದು ಕಾಫಿಗೂ ಗುಣಾಕಾರ ಮಾಡ್ತಾ ಕೂತ್ರೆ ಕಾಫಿ ಆರಿಹೋಗತ್ತೆ.

ಓಸ್ಲೋ ಬಗ್ಗೆ ಜಾಸ್ತಿ ಹೇಳಲ್ಲ, ದೊಡ್ಡ ಊರು, ನೀವೇ ನೋಡ್ಕೋತೀರ. ಒಪೆರಾ ಹೌಸ್ ಛಾವಣಿ ಮೇಲೆ ನಡ್ಕೊಂಡು ಹತ್ತಬಹುದು, 2008ರಲ್ಲಿ ಶುರುವಾಗಿದ್ದು, ಇಳಿಜಾರು ಬಿಳಿ ಅಮೃತಶಿಲೆ, ಅತ್ತೆಯವರೂ ನಿಧಾನಕ್ಕೆ ಹತ್ತಬಹುದು, ಒದ್ದೆ ಇದ್ರೆ ಮಾತ್ರ ಬೇಡ, ಜಾರತ್ತೆ. ವಿಗೆಲಾನ್ ಪಾರ್ಕಲ್ಲಿ ಇನ್ನೂರಕ್ಕೂ ಜಾಸ್ತಿ ಶಿಲ್ಪ ಇದಾವೆ, ಮಧ್ಯದಲ್ಲಿ ಒಂದೇ ಕಲ್ಲಿನ ಕಂಬದಲ್ಲಿ 121 ಜನ ಒಬ್ಬರ ಮೇಲೊಬ್ಬರು ಹತ್ತಿದಂಗೆ ಕೆತ್ತಿದಾರೆ, ಎಲ್ಲಾ ಬರೀ ಮೈಯಲ್ಲೇ, ಅತ್ತೆಯವರಿಗೆ ಮೊದಲೇ ಹೇಳಿಟ್ಟಿರು. ಒಂದು ವಿಷಯ, ಜುಲೈ ಅಲ್ಲಿನೋರ ರಜಾ ತಿಂಗಳು, ಊರೂರೇ ಖಾಲಿ ಮಾಡ್ಕೊಂಡು ಹಳ್ಳಿ ಮನೆಗಳಿಗೆ ಹೋಗ್ತಾರೆ, ಹೆಸರಾಂತ ಊಟದ ಹೋಟೆಲುಗಳೇ ಎಷ್ಟೋ ಕೆಲವು ವಾರ ಬಾಗಿಲು ಹಾಕಿರ್ತವೆ, ಅದಕ್ಕೇ ಜೂನ್ ಎರಡನೇ ವಾರಕ್ಕೆ ಹೊರಡಿ.

ಓಸ್ಲೋಯಿಂದ ಬರ್ಗನ್ ಕಡೆಗೆ ವಿಮಾನ ಹತ್ತಬೇಡಿ. 1909ರಲ್ಲಿ ತೆರೆದ ರೈಲು ದಾರಿ ಇದೆ, ಕಾಡು ದಾಟಿ ಮೇಲೆ ಮೇಲೆ ಹತ್ತಿ ಫಿನ್ಸೆ ಅನ್ನೋ ಸ್ಟೇಷನ್‌ಗೆ ಬರೋಷ್ಟರಲ್ಲಿ 1222 ಮೀಟರ್, ಅಲ್ಲಿ ಮರವೇ ಇಲ್ಲ, ಜೂನಲ್ಲೂ ಹಿಮ ಬಿದ್ದಿರತ್ತೆ. ಮಿರ್ದಾಲ್‌ನಲ್ಲಿ ಇಳಿದು ಸಣ್ಣ ರೈಲು ಹತ್ತಿದ್ರೆ ಇಪ್ಪತ್ತು ಕಿಲೋಮೀಟರಲ್ಲಿ ಎಂಟುನೂರು ಮೀಟರಿಗೂ ಮಿಕ್ಕಿ ಇಳಿದು ಫ್ಲೋಮ್‌ನಲ್ಲಿ ಸಮುದ್ರದ ಮಟ್ಟಕ್ಕೇ ತಂದು ಬಿಡತ್ತೆ. ಎಲ್ಲರೂ ಅದೇ ದಿನ ಬೋಟ್ ಹಿಡಿದು ಓಡಿಹೋಗ್ತಾರೆ, ನೀವು ಹಂಗೆ ಮಾಡಬೇಡಿ. ಹಗಲೊತ್ತು ಫ್ಲೋಮ್ ಅಂದ್ರೆ ನಮ್ಮ ದಸರಾ ವಸ್ತುಪ್ರದರ್ಶನ, ಕ್ರೂಸ್ ಹಡಗಿನ ಜನ ತುಂಬಿ ತುಳುಕ್ತಿರ್ತಾರೆ. ಸಂಜೆ ಆ ಹಡಗು ಹೊರಟ್ಮೇಲೆ ಊರಲ್ಲಿ ಉಳಿಯೋದು ನೀರಿನ ಸದ್ದು, ಕುರಿ ಕೊರಳಿನ ಗಂಟೆ, ಅಷ್ಟೇ. ನಾನು ಪುರುಸೊತ್ತು ಅಂದಿದ್ದು ಇದಕ್ಕೇ. ದುಡ್ಡು ಸುರಿಯೋದಾದ್ರೆ ಇಲ್ಲಿ ನೀರಿನ ಕಡೆ ಕಿಟಕಿ ಇರೋ ರೂಮಿಗೆ ಸುರಿ. ಮಾರನೇ ದಿನ ನೇರೊಯ್‌ಫ್ಯೋರ್ಡ್‌ಗೆ ಬೋಟಲ್ಲಿ ಹೋಗಿ, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿರೋದು ಅದು, ಈಗ ಕರೆಂಟಿನ ಬೋಟ್ ಬಂದಿದೆ, ಸದ್ದೇ ಇಲ್ಲ, ಎರಡೂ ಕಡೆ ಬೆಟ್ಟ ಎಷ್ಟು ಹತ್ತಿರ ಬರತ್ತೆ ಅಂದ್ರೆ ಮಾತಾಡೋರೂ ಮೆಲ್ಲಗೆ ಮಾತಾಡಕ್ಕೆ ಶುರು ಮಾಡ್ತಾರೆ.

ಬರ್ಗನ್‌ನಲ್ಲಿ ಮಳೆ. ವರ್ಷಕ್ಕೆ ಇನ್ನೂರಕ್ಕೂ ಜಾಸ್ತಿ ದಿನ ಮಳೆ ಬರೋ ಊರು, ಆಗುಂಬೆ ನೋಡಿರೋಳಿಗೆ ಹೆದರಿಕೆ ಬೇಡ, ಆದ್ರೆ ಆ ಗಾಳಿಗೆ ಛತ್ರಿ ತಿರುಚ್ಕೊಳತ್ತೆ, ಒಳ್ಳೇ ರೇನ್‌ಕೋಟೇ ಬೇಕು. ಕೆಟ್ಟ ಹವೆ ಅಂತ ಇಲ್ಲ, ಕೆಟ್ಟ ಬಟ್ಟೆ ಅಂತ ಮಾತ್ರ ಇರೋದು ಅಂತ ಅವರೊಂದು ಗಾದೆ ಹೇಳ್ತಾರೆ, ನನ್ನ ಮೊದಲನೇ ವರ್ಷ ಪೂರ್ತಿ ಸಹೋದ್ಯೋಗಿಗಳ ಬಾಯಲ್ಲಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು, ನಿಜ ಅನ್ನೋದು ಜೀನ್ಸ್ ನೆನೆಸ್ಕೊಂಡು ನಡುಗಿದ್ಮೇಲೆ ಗೊತ್ತಾಯ್ತು. ಒಳಗೆ ತೆಳು ಉಣ್ಣೆ, ಮೇಲೆ ಸ್ವೆಟರ್, ಅದರ ಮೇಲೆ ಮಳೆ ಗಾಳಿ ತಡೆಯೋ ಜಾಕೆಟ್. ಹತ್ತಿ ಬಟ್ಟೆ ಬೇಡ.

ಈಗ ಹಡಗು. ಏಜೆಂಟ್ ಹಾಕಿರೋ ದೊಡ್ಡ ಕ್ರೂಸ್ ಬಿಟ್ಟು ಕರಾವಳಿ ಹಡಗಿನಲ್ಲಿ ಹೋಗಿ. 1893ರಲ್ಲಿ ರಿಚರ್ಡ್ ವಿತ್ ಅನ್ನೋ ಕ್ಯಾಪ್ಟನ್ ಶುರು ಮಾಡಿದ್ದು, ಹುರ್ಟಿಗ್ರೂಟೆನ್ ಅಂತಾರೆ, 2021ರಿಂದ ಹವೀಲಾ ಅನ್ನೋರ ಹಡಗೂ ಅದೇ ದಾರೀಲಿ ಓಡತ್ತೆ. ಬರ್ಗನ್‌ನಿಂದ ಮೇಲೆ ಕಿರ್ಕೆನೆಸ್ ತನಕ 34 ಬಂದರು. ಊರವರಿಗೆ ಅದು ನಮ್ಮ ಕೆಂಪು ಬಸ್ಸಿದ್ದಂಗೆ, ಸಾಮಾನು, ಜನ ಎಲ್ಲಾ ಹೊತ್ಕೊಂಡು ಹೋಗತ್ತೆ, ರಾತ್ರಿ ಎರಡು ಗಂಟೇಲೂ ಯಾವುದೋ ಸಣ್ಣ ಊರಲ್ಲಿ ನಿಂತು ಫೋರ್ಕ್‌ಲಿಫ್ಟಲ್ಲಿ ಪೆಟ್ಟಿಗೆ ಇಳಿಸ್ತಿರತ್ತೆ, ಅದರ ಪೀಂ ಪೀಂ ಸದ್ದಿಗೆ ಎಚ್ಚರ ಆದ್ರೆ ಕಿಟಕಿ ಸರಿಸಿ ನೋಡು, ಬೆಳಕಿರತ್ತೆ. ಒಳ್ಳೇ ಸೂಟ್ ರೂಮ್ ತಗೊಳ್ಳಿ, ಇಲ್ಲಿ ಜಿಪುಣತನ ಮಾಡಬೇಡಿ. ನಾಲ್ಕನೇ ದಿನ ಬೆಳಗ್ಗೆ ಆರ್ಕ್ಟಿಕ್ ವೃತ್ತ ದಾಟಿದಾಗ ಸಮುದ್ರರಾಜನ ವೇಷ ಹಾಕ್ಕೊಂಡವನೊಬ್ಬ ಬಂದು ಕತ್ತಿನ ಹಿಂದೆ ಐಸ್ ನೀರು ಸುರೀತಾನೆ, ಅಳಿಯಂದ್ರನ್ನ ಮುಂದೆ ತಳ್ಳು. ಅವತ್ತು ರಾತ್ರಿ ಲೊಫೋಟೆನ್‌ನ ಸ್ವೋಲ್ವರ್‌ನಲ್ಲಿ ಇಳಿಯೋದು.

ನಿಮ್ಮಜ್ಜಿನ ಒಂದ್ಸಲ ಅದೇ ಜೂನಲ್ಲಿ ಲೊಫೋಟೆನ್‌ಗೆ ಕರ್ಕೊಂಡು ಹೋಗಿದ್ದೆ, ನೀನಾಗ ಪಿಯುಸಿನೋ ಏನೋ. ಅದಕ್ಕೂ ಮೊದಲು ಫ್ಯೋರ್ಡ್ ಕಡೆ ಒಂದು ಭಾರೀ ದುಬಾರಿ ಹೋಟೆಲಲ್ಲಿ ಎರಡು ದಿನ ಬುಕ್ ಮಾಡಿದ್ದೆ, ಅಮ್ಮನಿಗೆ ತೋರಿಸ್ಬೇಕು ಅನ್ನೋ ಹುಮ್ಮಸ್ಸಲ್ಲಿ ಒಂದೇ ದಿನದಲ್ಲಿ ಎರಡು ಕಣಿವೆ, ಮೂರು ಜಲಪಾತ ಅಂತ ಕಾರು ಓಡಿಸಿ, ದಾರೀಲಿ ಫೆರ್ರಿ ಕ್ಯೂನಲ್ಲಿ ಸಿಕ್ಕಾಕ್ಕೊಂಡು, ತಲುಪಿದಾಗ ರಾತ್ರಿ ಹತ್ತು. ಅಡುಗೆಮನೆ ಒಂಬತ್ತಕ್ಕೇ ಬಂದ್. ರಿಸೆಪ್ಷನ್ ಹುಡುಗ ಪಾಪ ಬ್ರೆಡ್ಡು ಚೀಸು ತಂದುಕೊಟ್ಟ, ಅಮ್ಮ ಆ ಚೀಸ್ ಮುಟ್ಟಲಿಲ್ಲ, ಕೆಟಲ್‌ನ ಬಿಸಿನೀರಿಗೆ ಅವಲಕ್ಕಿ ಹಾಕಿ ಚಟ್ನಿಪುಡಿ ಕಲೆಸ್ಕೊಂಡು ಆ ರಾಜರ ಕಾಲದ ಕುರ್ಚಿ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ತಿಂದ್ರು. ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. ಆಮೇಲೆ ಲೊಫೋಟೆನ್‌ನಲ್ಲಿ ಮೂರು ದಿನ ಎಲ್ಲೂ ಹೋಗಲಿಲ್ಲ, ರೋರ್ಬು ಅಂತ ಮೀನುಗಾರರ ಕೆಂಪು ಮರದ ಮನೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿರ್ತಾರೆ, ಅದರ ಮುಂದಿನ ಹಲಗೆ ಮೇಲೆ ಶಾಲು ಹೊದ್ಕೊಂಡು ಕೂತಿರೋರು. ಅಮ್ಮನಿಗೆ ಒಂದೇ ಚಿಂತೆ. ಮೊದಲನೇ ದಿನ ಏಳಕ್ಕೆ ಕೇಳಿದ್ರು, ಒಂಬತ್ತಕ್ಕೆ ಕೇಳಿದ್ರು, ಹನ್ನೊಂದಕ್ಕೆ ಎದ್ದು ಬಂದು, "ಏನೋ ಇದು, ಮುಸ್ಸಂಜೆನೇ ಆಗ್ಲಿಲ್ಲ, ದೇವರ ದೀಪ ಯಾವಾಗೋ ಹಚ್ಚೋದು?" ಅಂದ್ರು. ನನಗೂ ಉತ್ತರ ಗೊತ್ತಿರಲಿಲ್ಲ. ಕೊನೆಗೆ ಅವರೇ ಮೈಸೂರಿನ ಟೈಮ್ ಲೆಕ್ಕ ಹಾಕಿ, ಅಲ್ಲಿನ ಮಧ್ಯಾಹ್ನ ಮೂರಕ್ಕೆ ಹಚ್ಚಿದ್ರು, ಮೂರು ದಿನಾನೂ.

ಅದಕ್ಕೆ ಹೇಳ್ತೀನಿ, ಅಲ್ಲಿ ಮೂರು ರಾತ್ರಿ ಕಮ್ಮಿ ಮಾಡಬೇಡ. ಈಗ ಎಷ್ಟೋ ರೋರ್ಬುಗಳನ್ನ ಚೆನ್ನಾಗಿ ಮಾಡಿಟ್ಟಿದಾರೆ, ಹೊರಗೆ ಅದೇ ಹಳೇ ಮರ, ಒಳಗೆ ಬೆಚ್ಚನೆ ನೆಲ, ನುಸ್‌ಫ್ಯೋರ್ಡ್ ಕಡೆ, ರೈನೆ ಕಡೆ ನೋಡು. ಚಳಿಗಾಲದಲ್ಲಿ ಹಿಡಿದ ಕಾಡ್ ಅನ್ನೋ ಸಮುದ್ರದ ಮೀನನ್ನ ಉಪ್ಪೂ ಹಾಕದೆ ಮರದ ಚೌಕಟ್ಟಿಗೆ ನೇತು ಹಾಕಿ ಗಾಳಿಗೇ ಒಣಗಿಸ್ತಾರೆ, ಜೂನ್ ಹೊತ್ತಿಗೆ ಇಳಿಸ್ತಾ ಇರ್ತಾರೆ, ಘಾಟು ಜೋರು, ಅತ್ತೆಯವರಿಗೆ ಆಗಲ್ಲ, ಅಂಥ ಜಾಗದ ಪಕ್ಕ ಮನೆ ತಗೋಬೇಡಿ. ಕಣ್ಣಿಗೆ ಕಟ್ಕೊಳೋ ಕಪ್ಪು ಪಟ್ಟಿ ಮೂರು ಜೊತೆ ಇಟ್ಕೊಳ್ಳಿ, ಪರದೆ ಸಂದೀಲಿ ಬಿಸಿಲು ಬರತ್ತೆ.

ಊಟದ್ದು ಮೊದಲೇ ಎಲ್ಲಾ ಹೋಟೆಲಿಗೂ ಹಡಗಿಗೂ ಬರೆದುಬಿಡು, ವೆಜಿಟೇರಿಯನ್ ಅಂತಷ್ಟೇ ಅಲ್ಲ, ಮೀನೂ ಇಲ್ಲ ಮೊಟ್ಟೆಯೂ ಇಲ್ಲ ಅಂತ ಬಿಡಿಸಿ ಬರಿ. ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ತಗೊಂಡು ಹೋಗಿ, ತುಪ್ಪ, ಪೇಡಾ ಮಾತ್ರ ಬೇಡ, ಹಾಲಿನ ಪದಾರ್ಥ ಮಾಂಸದ ಪದಾರ್ಥ ಯುರೋಪಿನ ಹೊರಗಿಂದ ತರಂಗಿಲ್ಲ. ನೀರು ಕೊಳ್ಳಲೇಬೇಡಿ, ನಲ್ಲಿ ನೀರು ಅಮೃತ. ಅಳಿಯಂದ್ರಿಗೆ ವೈನ್ ಬೇಕಿದ್ರೆ ಅಂಗಡೀಲಿ ಸಿಗೋದು ಸರ್ಕಾರದ ವಿನ್‌ಮೊನೊಪೋಲೆಟ್‌ನಲ್ಲಿ ಮಾತ್ರ, ಶನಿವಾರ ಬೇಗ ಮುಚ್ತಾರೆ, ಭಾನುವಾರ ತೆಗೆಯೋದೇ ಇಲ್ಲ.

ವೀಸಾ ಷೆಂಗೆನ್, ಹೊರಡೋಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಗಳಿಗೆ ತನಕ ಬಿಡಬೇಡ, ಇನ್ಶೂರೆನ್ಸ್ 30,000 ಯೂರೋಗೆ ಕಮ್ಮಿ ಇರಬಾರದು. ಅತ್ತೆಯವರ ಪಾಸ್‌ಪೋರ್ಟ್ ಅವಧಿ ಇವತ್ತೇ ನೋಡು, ವಾಪಸ್ ಬಂದ್ಮೇಲೂ ಮೂರು ತಿಂಗಳು ಬಾಕಿ ಇರಬೇಕು.

ಆ ಪಿಡಿಎಫ್ ಮೇಲೆ ನಾನು ಕೆಂಪು ಪೆನ್ನಲ್ಲಿ ಗೀಚಿ ಇಟ್ಟಿದೀನಿ, ಫೋಟೋ ತೆಗೆದು ಕಳಿಸಿದ್ರೆ ಓದಕ್ಕಾಗಲ್ಲ, ಭಾನುವಾರ ಮೂರೂ ಜನ ಇಲ್ಲಿಗೇ ಬನ್ನಿ. ಅಮ್ಮನಿಗೆ ಅಂತ ತಗೊಂಡಿದ್ದ ಉಣ್ಣೆ ಒಳಬಟ್ಟೆ ಎರಡು ಜೊತೆ ಅಟ್ಟದ ಟ್ರಂಕಲ್ಲಿದೆ, ನುಸಿಗುಳಿಗೆ ಹಾಕಿಟ್ಟಿದ್ದೆ, ನಿಮ್ಮತ್ತೆಯವರ ಅಳತೆಗೆ ಸರಿಹೋಗಬಹುದು.

ಇಂತಿ ನಿನ್ನ ಮಾವ
ಮೈಸೂರು