ಕೆಳಗಿನ ಎರಡೆಕರೆ ಮಾರಬೇಡ

ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರ. ಅವ್ವನ ಕಾಲಿಗೆ ನಮಸ್ಕಾರ. ನಾವೆಲ್ಲ ಇಲ್ಲಿ ಹಾಲೆಂಡಿನಲ್ಲಿ ಆರಾಮ.

ನಿನ್ನ ಪತ್ರ ಬಂತು. ಅಪ್ಪನ ವರ್ಷದ ಪುಣ್ಯಸ್ಮರಣೆಗೆ ಓದಲು ನಾಲ್ಕು ಮಾತು ಬರೆದು ಕಳಿಸು ಅಂದಿದ್ದೀಯ. ಅದೇ ಪತ್ರದ ಕೊನೆಗೆ, ಕೆಳಗಿನ ಎರಡೆಕರೆ ಉಪ್ಪೇರಿ ಸವಳಾಗಿದೆ, ಸಸಿ ತುದಿಯಿಂದ ಬೆಳ್ಳಗಾಗಿ ಒಣಗುತ್ತಿದೆ, ಮಾವ ಹೇಳಿದವರಿಗೆ ಕೊಟ್ಟುಬಿಡೋಣ ಅಂತಲೂ ಇದೆ. ಓದಿದಾಗಿನಿಂದ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಅಪ್ಪನ ಬಗ್ಗೆ ಏನು ಬರೆಯಹೋದರೂ ಆ ತಾಕಿಗೇ ಬರುತ್ತೇನೆ. ಮೇಲಿನ ಹೊಲದ್ದು ಸಾಲಕ್ಕೆ, ಕೆಳಗಿನದು ಮಕ್ಕಳಿಗೆ, ಇದು ಅವನ ಲೆಕ್ಕ. ನಮ್ಮ ಫೀಸು, ನನ್ನ ಮದುವೆ, ಆಮೇಲೆ ನಿನ್ನ ದೊಡ್ಡಾಕಿಯ ಹಾಸ್ಟೆಲು, ಎಲ್ಲ ಅಲ್ಲಿಂದಲೇ ಬಂದದ್ದು.

ಆ ತಾಕು ಹಿಂದೆಯೂ ಸವಳು ಕಾರುತ್ತಿತ್ತು ಅಣ್ಣ. ಮೇಲಿನವರು ಎರಡೂ ಬೆಳೆಗೆ ಭತ್ತಕ್ಕೆ ನೀರು ನಿಲ್ಲಿಸುತ್ತಾರೆ. ಎರೆಮಣ್ಣಿನಲ್ಲಿ ನೀರು ಬೇಗ ಇಳಿಯದೆ ಪಕ್ಕಕ್ಕೆ ಜಿನುಗಿ ನಮ್ಮ ತಗ್ಗಿಗೆ ಬರುತ್ತದೆ. ಬೇಸಗೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಅಪ್ಪ ಅದನ್ನು ಹಿಡಿತದಲ್ಲಿಟ್ಟದ್ದು ಬಸಿಗಾಲುವೆಯಿಂದ. ಪ್ರತಿ ಬೇಸಗೆ ಜೊಂಡು ಕಿತ್ತು, ಹೂಳು ತೆಗೆಸಿ, ಹಳ್ಳ ಸೇರುವ ತನಕ ನೀರು ಎಲ್ಲೂ ನಿಲ್ಲದಂತೆ ನೋಡುತ್ತಿದ್ದ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ಊರೆಲ್ಲ ದಿಗಿಲಾಗಿದ್ದಾಗಲೂ ಸಲಿಕೆ ಹಿಡಿದು ಅಲ್ಲೇ ಇದ್ದ. "ನೀರು ಬರೋದು ಡ್ಯಾಮಿನವರ ಕೈಯಾಗೈತಿ, ಹೋಗೋದು ನಮ್ಮ ಕೈಯಾಗೈತಿ" ಅಂದಿದ್ದ. ಈಗ ಆ ಕಾಲುವೆ ಯಾರು ನೋಡುತ್ತಿದ್ದಾರೆ? ಮೊದಲು ಅದನ್ನು ತೆಗೆಸು. ಅದಿಲ್ಲದೆ ಮಣ್ಣು ಸರಿಮಾಡುವ ಜಿಪ್ಸಂ ಪುಡಿ ಎಷ್ಟು ಸುರಿದರೂ ದಂಡ, ಮಣ್ಣು ಬಿಟ್ಟುಕೊಟ್ಟ ಉಪ್ಪಿಗೆ ಹೋಗಲು ದಾರಿಯೇ ಇರುವುದಿಲ್ಲ.

ಆಮೇಲೆ ಮಣ್ಣಿನ ಪರೀಕ್ಷೆ. ಬೆಳೆ ಕೊಯ್ದು ಹೊಲ ಒಣಗಿದ ಮೇಲೆ, ಬದು ಮತ್ತು ತಿಪ್ಪೆ ಇದ್ದ ಜಾಗ ಬಿಟ್ಟು, ಎಂಟು ಹತ್ತು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಕಲಸಿ, ಅರ್ಧ ಕೆಜಿ ಉಳಿಸಿಕೋ. ಬೆಳ್ಳಗೆ ಪೊರೆಗಟ್ಟಿದ ಜಾಗದ್ದು ಬೇರೆ ಚೀಲ. ಗೊಬ್ಬರದ ಚೀಲದಲ್ಲಿ ತುಂಬಬೇಡ, ಲೆಕ್ಕ ಕೆಡುತ್ತದೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರಕ್ಕೇ ಒಯ್ಯಿ, ಸವಳು ಮಣ್ಣಿನ ಕೆಲಸ ಅವರು ಬಹಳ ಕಾಲದಿಂದ ಮಾಡುತ್ತಿದ್ದಾರೆ. ವರದಿಯಲ್ಲಿ ಪಿಎಚ್, ಅಂದರೆ ಮಣ್ಣಿನ ಕ್ಷಾರ ಎಷ್ಟೆಂಬ ಅಂಕಿ, 8.5 ದಾಟಿದ್ದರೆ ಕರಲು, ಅಂದರೆ ಕ್ಷಾರದ ಮಣ್ಣು, ಅದಕ್ಕೆ ಜಿಪ್ಸಂ ಬೇಕು. ಪಿಎಚ್ ಕಡಿಮೆ ಇದ್ದು ಇಸಿ, ಅಂದರೆ ಕರಗಿದ ಉಪ್ಪು ಎಷ್ಟೆಂಬ ಅಂಕಿ, ಮಾತ್ರ 4 ಮೀರಿದ್ದರೆ ಅದು ಬರೀ ಉಪ್ಪು, ನೀರು ಕಟ್ಟಿ ಬಸಿದರೆ ಸಾಕು. ಅಂಗಡಿಯವನ ಮಾತು ಕೇಳಿ ಕಂಡಾಪಟ್ಟೆ ಚೀಲ ಹೊರಬೇಡ.

ಜಿಪ್ಸಂ ಹಾಕುವುದಾದರೆ ಅವರು ಬರೆದುಕೊಟ್ಟಷ್ಟೇ ಹಾಕು. ಮೊದಲು ಹೊಲ ಸಮ ಮಾಡಿಸು, ಗಟ್ಟಿ ಬದು ಹಾಕಿಸು. ಪುಡಿಯನ್ನು ಮೇಲಿನ ನಾಲ್ಕು ಇಂಚಿನಲ್ಲಷ್ಟೇ ಬೆರೆಸು. ನೇಗಿಲು ಆಳಕ್ಕೆ ಹೋದರೆ ಅದೂ ಕೆಳಗೆ ಹೋಗಿ ಮೇಲಿನ ಮಣ್ಣಿಗೆ ದಕ್ಕುವುದಿಲ್ಲ. ಹತ್ತು ಹದಿನೈದು ದಿನ ನೀರು ನಿಲ್ಲಿಸಿ ಬಸಿದು ಹೊಸ ನೀರು ಕೊಡು. ನಾಟಿಗೆ ಎಳೆ ಸಸಿ ಬೇಡ, ಮೂವತ್ತು ಮೂವತ್ತೈದು ದಿನದ್ದಿರಲಿ, ಗುಣಿಗೆ ಮೂರು ನಾಲ್ಕು. ಎಕರೆಗೆ ಹತ್ತು ಕೆಜಿ ಸತುವಿನ ಸಲ್ಫೇಟು ಹಾಕು, ಡಿಎಪಿ ಗೊಬ್ಬರದ ಜೊತೆ ಕಲಸಬೇಡ. ಒಂದೇ ವರ್ಷಕ್ಕೆ ಪೂರ್ತಿ ಸರಿಹೋಗದು, ಅಪ್ಪನಿಗೂ ಆಗಿರಲಿಲ್ಲ.

ಬೀಜ ಆರಿಸಲು ನಿನ್ನ ಸಣ್ಣಾಕಿಯನ್ನೇ ಕೂರಿಸು. ಹತ್ತು ಲೀಟರು ನೀರಿಗೆ ಒಂದೂವರೆ ಕೆಜಿ ಉಪ್ಪು ಕರಗಿಸಿ, ತಾಜಾ ತತ್ತಿ ತೇಲುವ ತನಕ ಇನ್ನಷ್ಟು ಸೇರಿಸಿ, ಭತ್ತ ಸುರಿದು ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಒಳ್ಳೆ ನೀರಿನಲ್ಲಿ ಮೂರು ಸಲ ತೊಳೆಯಬೇಕು. ತೊಳೆಯದಿದ್ದರೆ ಮೊಳಕೆ ಸಾಯುತ್ತದೆ. ತತ್ತಿ ಬಿಡುವ ಕೆಲಸವನ್ನು ಅಪ್ಪ ಯಾವಾಗಲೂ ಅವಳಿಗೇ ಬಿಡುತ್ತಿದ್ದ. ಎರಡು ಸಲ ಮುಳುಗಿದರೂ ಬೈಯದೆ, "ಇನ್ನೊಂದು ಹಿಡಿ ಉಪ್ಪು ಹಾಕವ್ವ" ಅನ್ನುತ್ತಿದ್ದ. ಓದಲು ಮಾತು ಬೇಕಿದ್ದರೆ ಇದನ್ನೇ ಓದು.

ಈ ಹಾಲೆಂಡಿನಲ್ಲಿ ಕಾಲುಭಾಗ ನೆಲ ಸಮುದ್ರಕ್ಕಿಂತ ತಗ್ಗಿನಲ್ಲಿದೆ. ನೀರು ಬಸಿಯಲೆಂದೇ ಒಂದು ಮಂಡಳಿ, ಅದಕ್ಕೆ ಬೇರೆ ಚುನಾವಣೆ, ಹೊಲವಿಲ್ಲದ ನಮ್ಮಂಥವರಿಗೂ ಅದರ ತೆರಿಗೆ! ನಮ್ಮ ಡ್ಯಾಮಿನ ನೀರು ಕಾಲುವೆಗೆ ಬಂದ 1953ರಲ್ಲೇ ಇಲ್ಲಿ ಸಮುದ್ರ ನುಗ್ಗಿದ ಕಡೆ ಹೊಲಗಳೆಲ್ಲ ಉಪ್ಪಾದವು. ಅವರೂ ಜಿಪ್ಸಂ ಹಾಕಿ, ನೀರು ಬಸಿದೇ ಸರಿಮಾಡಿಕೊಂಡರು. ನಮ್ಮ ಅಪ್ಪ ಮಾಡಿದ್ದೂ ಇದನ್ನೇ.

ಕಾಲುವೆಯ ಖರ್ಚು, ಜಿಪ್ಸಂ ಖರ್ಚು ನಾನು ಕಳಿಸುತ್ತೇನೆ, ನಮಗೇನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ. ಅವ್ವನಿಗೆ ಹೇಳು, ಚಳಿ ಅಂಥದ್ದೇನಿಲ್ಲ, ಮನೆ ಬೆಚ್ಚಗಿದೆ, ಅಕ್ಕಿ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇವೆ. ಮಾವನಿಗೆ ನಾನೇ ಫೋನು ಮಾಡುತ್ತೇನೆ, ಅಲ್ಲಿಯವರೆಗೆ ಯಾರಿಗೂ ಮಾತು ಕೊಡಬೇಡ. ಮಣ್ಣಿನ ವರದಿ ಬಂದ ಕೂಡಲೇ ಫೋಟೋ ಹಾಕು. ರೈಲಿನ ಹೊತ್ತಾಯಿತು, ಉಳಿದದ್ದು ಆಮೇಲೆ.

ನಿನ್ನ ತಂಗಿ